ಶಾಸ್ತ್ರೀಜಿ ಸಾವಿನ ಗುಟ್ಟು ಹಾಗಿರಲಿ, ನಿಮ್ಮ ಅಪ್ಪ ಮಹಡಿಯಲ್ಲಿ ಒಬ್ಬರೇ ಮಲಗುವುದು ನಿಲ್ಲಲಿ

ಪ್ರಶ್ನೆ: ಡಾಕ್ಟರ್ರೇ, ನಾವು ಬಾಗಲಕೋಟೆ ಕಡೆಯವರು. ನಮ್ಮ ಅಪ್ಪನಿಗೆ 62 ವರ್ಷ, ಬೀಜ-ಗೊಬ್ಬರದ ಅಂಗಡಿ ಇದೆ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಶುಗರ್ ಕೂಡ ಇದೆ. ಡಿಸ್ಚಾರ್ಜ್ ಆಗುವಾಗ ಹೃದಯದ ಪಂಪಿಂಗ್ 38 ಪರ್ಸೆಂಟ್ ಅಂತ ಬರೆದಿದ್ದರು, ಆಮೇಲೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಲ್ಲ. ಗುಳಿಗೆ ನೆನಪಾದ ದಿನ ತಗೋತಾರೆ. ಎದೆ ಹಿಡಿದುಕೊಂಡರೆ "ಗ್ಯಾಸ್ ಆಗೇತಿ ಬಿಡು" ಅಂತ ಸೋಡಾ ಕುಡಿಯುತ್ತಾರೆ. ರಾತ್ರಿ ಮಹಡಿ ಮೇಲಿನ ಕೋಣೆಯಲ್ಲಿ ಒಬ್ಬರೇ ಮಲಗುತ್ತಾರೆ, ಫೋನ್ ಕೆಳಗೆ ಚಾರ್ಜಿಗೆ ಇರುತ್ತದೆ. ಅವ್ವನಿಗೆ ಮೊಣಕಾಲು ನೋವು, ಮೇಲೆ ಹತ್ತಲು ಆಗುವುದಿಲ್ಲ. ಅಪ್ಪನಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಂದರೆ ದೇವರು. ಆಲಮಟ್ಟಿಗೆ ಶಾಸ್ತ್ರೀಜಿ ಬಂದಾಗ ನಮ್ಮ ಅಜ್ಜ ಎತ್ತಿನ ಗಾಡಿಯಲ್ಲಿ ನೋಡಲು ಹೋಗಿದ್ದರಂತೆ. ಈಗ ಏನು ಹೇಳಿದರೂ ಅಪ್ಪ ಅವರದೇ ಉದಾಹರಣೆ ಕೊಡುತ್ತಾರೆ. "ಎರಡು ಸಲ ಹಾರ್ಟ್ ಅಟ್ಯಾಕ್ ಆದಾಂವ ದೇಶ ಆಳಿದ, ಯುದ್ಧ ಗೆದ್ದ. ಅಂವ ಹಾರ್ಟಿಗೆ ಸತ್ತಿಲ್ಲ, ವಿಷಾ ಹಾಕ್ಯಾರ. ನನಗೇನ ಆಗೇತಿ?" ಅಂತಾರೆ. ವಾಟ್ಸಾಪಿನಲ್ಲಿ ಬಂದ ವಿಡಿಯೋ ತೋರಿಸುತ್ತಾರೆ. ಅಂಗಡಿಯ ಸಾಲ, ಬರಬೇಕಾದ ಬಾಕಿ, ಬ್ಯಾಂಕಿನ ವಿಷಯ ಅವ್ವನಿಗೂ ನನಗೂ ಏನೂ ಗೊತ್ತಿಲ್ಲ. ಅಣ್ಣ ಪುಣೆಯಲ್ಲಿ ಇದ್ದಾನೆ. ಕೇಳಿದರೆ "ನಾ ಸಾಯಲಿ ಅಂತ ಕಾಯಾಕತ್ತೀರೇನು" ಅಂತ ಸಿಟ್ಟಾಗುತ್ತಾರೆ. ನಿಜಕ್ಕೂ ಶಾಸ್ತ್ರೀಜಿಗೆ ಆಗಿದ್ದು ಏನು? ಅಪ್ಪನನ್ನು ಅಂಗಡಿ ಬಿಡಿಸಬೇಕಾ? ಈ ಮಾತು ಅವರ ಹತ್ತಿರ ಹೇಗೆ ತೆಗೆಯಬೇಕು?

ಉತ್ತರ:

ತಂಗೀ, ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಇವೆ, ಆದರೆ ಭಯ ಒಂದೇ. ಒಂದು ರಾತ್ರಿ ಮೇಲಿನ ಕೋಣೆಯಲ್ಲಿ ಅಪ್ಪನಿಗೆ ಏನಾದರೂ ಆದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಗೊತ್ತಾದರೂ ಮುಂದೆ ಏನು ಮಾಡಬೇಕು ಅಂತ ಮನೆಯಲ್ಲಿ ಯಾರಿಗೂ ತಿಳಿದಿಲ್ಲ. ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಅಪ್ಪ ಶಾಸ್ತ್ರೀಜಿಯವರನ್ನೇ ಎಳೆದು ತಂದದ್ದು ಒಳ್ಳೆಯದೇ ಆಯಿತು. ಅವರ ಕೊನೆಯ ರಾತ್ರಿಯಿಂದ ಹೃದ್ರೋಗಿಯ ಮನೆಯವರು ಕಲಿಯಬೇಕಾದದ್ದು ಬಹಳ ಇದೆ, ಆದರೆ ಅದು ಅಪ್ಪ ಹೇಳುವ ಪಾಠ ಅಲ್ಲ.

ಮೊದಲು ವಿಷದ ವಿಚಾರ ಮುಗಿಸೋಣ, ಇಲ್ಲದಿದ್ದರೆ ಅಪ್ಪ ಮುಂದಿನದನ್ನು ಕೇಳುವುದೇ ಇಲ್ಲ.

1966ರ ಜನವರಿ 10ರಂದು ಆಗಿನ ಸೋವಿಯತ್ ಒಕ್ಕೂಟದ ತಾಷ್ಕೆಂಟಿನಲ್ಲಿ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಜೊತೆ ಒಪ್ಪಂದಕ್ಕೆ ಸಹಿ ಆಯಿತು. ಅದೇ ರಾತ್ರಿ, ಅಂದರೆ 11ರ ಬೆಳಗಿನ ಜಾವ ಒಂದೂವರೆ ಸುಮಾರಿಗೆ ಶಾಸ್ತ್ರೀಜಿ ತೀರಿಕೊಂಡರು. ವಯಸ್ಸು 61. ಸರ್ಕಾರ ಹೇಳಿದ ಕಾರಣ ಹೃದಯಾಘಾತ. ಮನೆಯವರು ಮೈ ಮೇಲೆ ನೀಲಿ ಕಲೆಗಳನ್ನು ನೋಡಿ ಅನುಮಾನಪಟ್ಟರು. ಅಡುಗೆ ನೋಡಿಕೊಂಡವರನ್ನು ಅಲ್ಲಿಯ ಪೊಲೀಸರು ಹಿಡಿದು ವಿಚಾರಿಸಿ ಬಿಟ್ಟರು. ಮರಣೋತ್ತರ ಪರೀಕ್ಷೆ ಮಾತ್ರ ಅಲ್ಲಿಯೂ ಆಗಲಿಲ್ಲ, ದೆಹಲಿಯಲ್ಲಿಯೂ ಆಗಲಿಲ್ಲ. ಇಷ್ಟು ಖಚಿತ. ಇದರ ಮೇಲೆ ಕಟ್ಟಿದ್ದೆಲ್ಲ ಊಹೆ.

ವೈದ್ಯನಾಗಿ ನಾನು ಹೇಳಬಹುದಾದದ್ದು ಇಷ್ಟು. ಮೈ ನೀಲಿಯಾದರೆ ವಿಷ ಅಂತ ನಮ್ಮ ಹಳ್ಳಿಗಳಲ್ಲಿ ಈಗಲೂ ನಂಬುತ್ತಾರೆ. ಸತ್ತ ಮೇಲೆ ರಕ್ತ ಹರಿಯುವುದು ನಿಂತು, ದೇಹದ ಕೆಳಭಾಗಕ್ಕೆ ಇಳಿದು ಅಲ್ಲಿ ನೇರಳೆ-ನೀಲಿ ಕಲೆ ಬೀಳುತ್ತದೆ. ಯಾವ ಕಾರಣಕ್ಕೆ ಸತ್ತರೂ ಬೀಳುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿ ಸತ್ತವರ ತುಟಿ, ಮುಖವೂ ಕಪ್ಪಿಡುತ್ತದೆ. ಹಾಗಾಗಿ ನೀಲಿ ಬಣ್ಣ ಯಾವುದಕ್ಕೂ ಸಾಕ್ಷಿ ಅಲ್ಲ. ಹಾಗಂತ ವಿಷ ಇರಲೇ ಇಲ್ಲ ಅಂತ ಆಣೆ ಮಾಡಲು ನನಗೂ ಆಗದು, ಪರೀಕ್ಷೆ ಮಾಡದೆ ಯಾವ ಡಾಕ್ಟರೂ ಹಾಗೆ ಹೇಳಬಾರದು. ಆದರೆ ಇನ್ನೊಂದು ಕಡೆ ನೋಡಿ. ಈ ಮನುಷ್ಯನಿಗೆ ಆಗಲೇ ಎರಡು ಸಲ ಹೃದಯಾಘಾತ ಆಗಿತ್ತು, ಒಂದು 1959ರಲ್ಲಿ ಮಂತ್ರಿಯಾಗಿದ್ದಾಗ, ಇನ್ನೊಂದು 1964ರಲ್ಲಿ ಪ್ರಧಾನಿಯಾದ ಕೆಲವೇ ದಿನಗಳಲ್ಲಿ. ಆ ಎರಡನೆಯದರಿಂದಾಗಿ ಲಂಡನ್ನಿನ ಕಾಮನ್‌ವೆಲ್ತ್ ಪ್ರಧಾನಿಗಳ ಸಭೆಗೂ ಹೋಗಲಾಗಲಿಲ್ಲ. ಅದಾದ ಮೇಲೆ 1965 ಪೂರ್ತಿ ಏನು ನಡೆಯಿತು ಅಂತ ಅಪ್ಪನಿಗೇ ಬಾಯಿಪಾಠ ಇರುತ್ತೆ: ಭಾಷಾ ಗಲಾಟೆ, ಕಛ್ ಗಡಿಯ ಜಗಳ, ಬರ, ಆಹಾರದ ಕೊರತೆ, ಯುದ್ಧ. ಕೊನೆಗೆ ಜನವರಿಯ ಚಳಿಯಲ್ಲಿ ತಾಷ್ಕೆಂಟಿನಲ್ಲಿ ವಾರದ ಹಗ್ಗಜಗ್ಗಾಟ. ಹೀಗೊಬ್ಬ ರೋಗಿ ನಡುರಾತ್ರಿ ಉಸಿರು ಸಿಗದೆ, ಕೆಮ್ಮುತ್ತಾ ಎದ್ದು ಬಂದು ಕೆಲವೇ ನಿಮಿಷದಲ್ಲಿ ಹೋದರು ಅಂದರೆ ನನ್ನ ಕಿವಿಗೆ ಅದು ಹೃದಯದ ಕಥೆಯಾಗಿಯೇ ಕೇಳುತ್ತದೆ. ಇದು ನನ್ನ ಅಭಿಪ್ರಾಯ, ತೀರ್ಪಲ್ಲ.

ಈಗ ಅಪ್ಪನ ವಾದಕ್ಕೆ ಬನ್ನಿ. "ಎರಡು ಅಟ್ಯಾಕ್ ಆದಾಂವ ದೇಶ ಆಳಿದ" ಅನ್ನುವುದು ನಿಜ. ಆದರೆ ಹತ್ತೊಂಬತ್ತು ತಿಂಗಳು ಆಳಿದರು. ಆ ಅರ್ಧ ಮಾತ್ರ ಅಪ್ಪ ಹೇಳುವುದಿಲ್ಲ.

ನನಗೆ ಆ ರಾತ್ರಿಯಲ್ಲಿ ಕಾಡುವುದು ವಿಷದ ಪ್ರಶ್ನೆ ಅಲ್ಲ. ಶಾಸ್ತ್ರೀಜಿ ಉಳಿದುಕೊಂಡಿದ್ದ ಮನೆಯಲ್ಲಿ ಅವರ ಸ್ವಂತ ಡಾಕ್ಟರ್ ಆರ್. ಎನ್. ಚುಗ್ ಇದ್ದರು. ಸಹಾಯಕರು ಇದ್ದರು. ಹೊರಗೆ ಕಾವಲು ಇತ್ತು. ಇಷ್ಟೆಲ್ಲ ಇದ್ದೂ ಆ ಹೊತ್ತಿನಲ್ಲಿ ಕೋಣೆಯೊಳಗೆ ಅವರು ಒಬ್ಬರೇ. ಎದೆಯಲ್ಲಿ ಸಂಕಟ ಶುರುವಾದಾಗ ತಾವೇ ಹಾಸಿಗೆಯಿಂದ ಎದ್ದು, ನಡೆದು, ಸಹಾಯಕರ ಕೋಣೆಯ ಬಾಗಿಲಿಗೆ ಬಂದು ಡಾಕ್ಟರ್ ಎಲ್ಲಿ ಅಂತ ಕೇಳಬೇಕಾಯಿತು. ಜೊತೆಗೆ ಹೋಗಿದ್ದ ಪತ್ರಕರ್ತ ಕುಲದೀಪ್ ನಯ್ಯರ್ ಆಮೇಲೆ ಆ ಕೋಣೆಯೊಳಗೆ ಹೋದಾಗ ನೋಡಿದ್ದನ್ನು ಬರೆದಿದ್ದಾರೆ: ಚಪ್ಪಲಿ ಜೋಡಿಸಿಟ್ಟ ಹಾಗೇ ಇದ್ದವು, ಕನ್ನಡಿ ಮೇಜಿನ ಮೇಲೆ ಥರ್ಮಾಸ್ ಮಗುಚಿ ಬಿದ್ದಿತ್ತು. ನೀರಿಗೆ ಕೈ ಚಾಚಿರಬೇಕು ಪಾಪ. ಹಾಸಿಗೆ ಪಕ್ಕ ಕರೆಗಂಟೆ ಇತ್ತೋ ಇಲ್ಲವೋ ಅಂತ ನಮ್ಮ ಸಂಸತ್ತಿನಲ್ಲೇ ಪ್ರಶ್ನೆ ಎದ್ದಿತ್ತು.

ನಿಮ್ಮ ಮನೆಯ ಮಹಡಿ ನೆನಪಿಗೆ ಬಂತಾ? ಡಾಕ್ಟರು ಅದೇ ಮನೆಯಲ್ಲಿದ್ದ ಪ್ರಧಾನಿಗೇ ಆ ಹತ್ತು ಹೆಜ್ಜೆ ದೂರವಾಯಿತು. ನಿಮ್ಮಲ್ಲಿ ಮಹಡಿ ಮೆಟ್ಟಿಲು, ಕೆಳಗೆ ಚಾರ್ಜಿಗಿಟ್ಟ ಫೋನು, ಮೊಣಕಾಲು ನೋವಿನ ಅವ್ವ, ಆಮೇಲೆ ತಾಲೂಕು ಆಸ್ಪತ್ರೆ.

ಎರಡನೆಯ ಸಲ ಆಗುವ ತೊಂದರೆ ಯಾಕೆ ಇಷ್ಟು ಬೇಗ ಜೀವ ತೆಗೆಯುತ್ತದೆ ಅಂತ ಹೇಳುತ್ತೇನೆ. ಮೊದಲ ಅಟ್ಯಾಕಿನಲ್ಲಿ ಹೃದಯದ ಮಾಂಸದ ಒಂದು ಭಾಗ ಸತ್ತು ಅಲ್ಲಿ ಕಲೆ ಕಟ್ಟುತ್ತದೆ. ಸ್ಟೆಂಟ್ ಹಾಕಿದ್ದು ರಕ್ತನಾಳಕ್ಕೆ. ಸತ್ತ ಮಾಂಸ ಅದರಿಂದ ವಾಪಸ್ ಬರುವುದಿಲ್ಲ. ಉಳಿದ ಭಾಗ ಜಾಸ್ತಿ ದುಡಿಯುತ್ತದೆ. ಆ ಕಲೆಯ ಅಂಚಿನಲ್ಲಿ ಹೃದಯದ ವಿದ್ಯುತ್ ಹಾದಿ ತಪ್ಪಿ, ಬಡಿತ ಕೆಟ್ಟು, ಹೃದಯ ಪಂಪ್ ಮಾಡುವ ಬದಲು ಸುಮ್ಮನೆ ಅದುರಲು ಶುರು ಮಾಡಬಹುದು. ಅದು ಶುರುವಾದರೆ ಮನುಷ್ಯನಿಗೆ ಕೆಲವು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ, ಆಮೇಲೆ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ. ಅಪ್ಪನ ಪಂಪಿಂಗ್ 38 ಅಂತ ಬರೆದಿದ್ದೀರಿ. ಸಾಮಾನ್ಯವಾಗಿ ಅದು 55ರ ಮೇಲೆ ಇರಬೇಕು. ಒಂದು ಸಮಾಧಾನ ಏನೆಂದರೆ ಅಟ್ಯಾಕ್ ಆದ ಹೊಸತರಲ್ಲಿ ಹೃದಯ ಮಂಕಾಗಿರುತ್ತದೆ, ಔಷಧಿ ಸರಿಯಾಗಿ ತಗೊಂಡರೆ ಎರಡು ಮೂರು ತಿಂಗಳಲ್ಲಿ ಅದು 45, 50ಕ್ಕೂ ಏರಬಹುದು. ಏರಿದೆಯೋ ಇಳಿದಿದೆಯೋ ಅಂತ ಎರಡು ವರ್ಷ ನೋಡದೇ ಇರುವುದು ತಪ್ಪು. ಈ ವಾರವೇ ಎಕೋ ಮಾಡಿಸಿ. ಔಷಧಿ ಸರಿಯಾಗಿ ತಗೊಂಡೂ ಪಂಪಿಂಗ್ 35 ಅಥವಾ ಅದಕ್ಕಿಂತ ಕಡಿಮೆ ಉಳಿದರೆ, ಬಡಿತ ಕೆಟ್ಟಾಗ ತಾನೇ ಶಾಕ್ ಕೊಡುವ ಸಣ್ಣ ಯಂತ್ರವನ್ನು ಎದೆಯ ಚರ್ಮದ ಕೆಳಗೆ ಇಡುವ ಮಾತು ಬರುತ್ತದೆ. ಐಸಿಡಿ ಅಂತಾರೆ. ಅದಕ್ಕೆ ಲಕ್ಷಗಟ್ಟಲೆ ಖರ್ಚು, ಸೋಂಕಿನ ಅಪಾಯ ಇದೆ, ಕೆಲವೊಮ್ಮೆ ಬೇಡದಾಗ ಶಾಕ್ ಹೊಡೆದು ರೋಗಿ ಹೆದರುವುದೂ ಇದೆ. ಆದರೆ ಬೇಕಾದವರಿಗೆ ಅದು ಜೀವ ಉಳಿಸುತ್ತದೆ. ಎಕೋ ನೋಡದೆ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಗುಳಿಗೆ ವಿಷಯಕ್ಕೆ ಒಂದೇ ಮಾತು. ಸ್ಟೆಂಟ್ ಹಾಕಿದವರು ರಕ್ತ ತೆಳು ಮಾಡುವ ಗುಳಿಗೆ, ಕೊಲೆಸ್ಟ್ರಾಲ್ ಗುಳಿಗೆ ನೆನಪಾದಾಗ ತಗೊಳ್ಳುವುದು ಅಂದರೆ ಸ್ಟೆಂಟಿನೊಳಗೆ ಮತ್ತೆ ರಕ್ತ ಹೆಪ್ಪುಗಟ್ಟಲು ದಾರಿ ಬಿಟ್ಟುಕೊಟ್ಟ ಹಾಗೆ. ಯಾವುದನ್ನು ಎಷ್ಟು ದಿನ ಅನ್ನುವುದನ್ನು ಅವರ ಹೃದಯದ ಡಾಕ್ಟರ್ ಮಾತ್ರ ಹೇಳಬೇಕು, ಮೆಡಿಕಲ್ ಶಾಪಿನವರಲ್ಲ, ವಾಟ್ಸಾಪಂತೂ ಅಲ್ಲ. ಏಳು ದಿನದ ಗುಳಿಗೆ ಡಬ್ಬಿ ತನ್ನಿ, ಭಾನುವಾರ ಅವ್ವ ತುಂಬಿಡಲಿ.

"ಗ್ಯಾಸ್" ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ನಮ್ಮ ಕಡೆ ಜನ ಸಾಯುವುದು ಇದರಿಂದಲೇ. ತಡವಾಗಿ ಬಂದ ರೋಗಿಗಳ ಮನೆಯವರನ್ನು ಕೇಳಿದರೆ ಸಾಲಾಗಿ ಅದೇ ಪಟ್ಟಿ: ಸೋಡಾ ಕುಡಿದರು, ಇನೋ ಹಾಕಿದರು, ಜೀರಿಗೆ ಕಷಾಯ, ಬೆನ್ನು ನೀವಿದೆವು, ಬೆಳಗ್ಗೆ ನೋಡೋಣ ಅಂದರು. ಶುಗರ್ ಇದ್ದವರಿಗೆ ಸಿನಿಮಾದಲ್ಲಿ ತೋರಿಸುವಂಥ ನೋವು ಬರಲೇಬೇಕಂತಿಲ್ಲ. ನರಗಳು ಮಂದವಾಗಿರುತ್ತವೆ. ಸುಮ್ಮನೆ ಬೆವರು, ಸುಸ್ತು, ಹೊಟ್ಟೆಯ ಮೇಲ್ಭಾಗ ಒತ್ತಿದ ಹಾಗೆ, ದವಡೆ ಅಥವಾ ತೋಳು ಹಿಡಿದುಕೊಂಡ ಹಾಗೆ, ಅಥವಾ ಮಲಗಿದರೆ ಉಸಿರು ಸಿಗದೆ ಕೆಮ್ಮು. ಒಮ್ಮೆ ಅಟ್ಯಾಕ್ ಆದ ಮನುಷ್ಯನಿಗೆ ಇದರಲ್ಲಿ ಯಾವುದೇ ಬಂದು ಕೆಲವೇ ನಿಮಿಷದಲ್ಲಿ ಹೋಗದಿದ್ದರೆ ಅದು ಹೃದಯದ್ದು ಅಂತಲೇ ತಿಳಿಯಿರಿ. ಆಮೇಲೆ ಗ್ಯಾಸ್ ಅಂತ ಗೊತ್ತಾದರೆ ಡಾಕ್ಟರು ನಗುತ್ತಾರೆ, ಅಷ್ಟೇ ತಾನೆ.

ಆ ರಾತ್ರಿಗೆ ತಯಾರಿ ಹೀಗಿರಲಿ. ಅಪ್ಪ ಕೆಳಗೆ ಮಲಗಬೇಕು, ಅಥವಾ ಅವರ ಕೋಣೆಯಲ್ಲಿ ಇನ್ನೊಬ್ಬರು ಮಲಗಬೇಕು. ಒಪ್ಪದಿದ್ದರೆ ಎರಡು ಮೂರು ನೂರು ರೂಪಾಯಿಯ ವೈರ್‌ಲೆಸ್ ಕಾಲಿಂಗ್ ಬೆಲ್ ಸಿಗುತ್ತದೆ, ಒತ್ತುವ ಬಟನ್ ಅವರ ದಿಂಬಿನ ಪಕ್ಕ, ಗಂಟೆ ಅವ್ವನ ಕೋಣೆಯಲ್ಲಿ. ಕೋಣೆಗೆ ಒಳಗಿಂದ ಚಿಲಕ ಬೇಡ. ಫೋನ್ ಚಾರ್ಜರ್ ಮೇಲೆ ಹೋಗಲಿ. ತೊಂದರೆ ಶುರುವಾದರೆ ಅಪ್ಪ ಎದ್ದು ಓಡಾಡಬಾರದು, ಮೆಟ್ಟಿಲು ಇಳಿಯಬಾರದು, ಕೂತಲ್ಲೇ ಕೂರಬೇಕು. ನೀವು 108ಕ್ಕೆ ಫೋನ್ ಮಾಡಿ. ಆಸ್ಪಿರಿನ್ 300 ಮಿಲಿಗ್ರಾಂ ಅಗಿಸಿ ನುಂಗಿಸಿ, ಆದರೆ ಆಸ್ಪಿರಿನ್ ಅಲರ್ಜಿ ಇದ್ದರೆ, ಕಪ್ಪಗೆ ಮಲ ಹೋಗುತ್ತಿದ್ದರೆ, ಬಾಯಿ ಸೊಟ್ಟಗಾಗಿ ಮಾತು ತೊದಲುತ್ತಿದ್ದರೆ ಬೇಡ. ನಾಲಗೆ ಕೆಳಗಿಡುವ ಸಾರ್ಬಿಟ್ರೇಟ್ ಅವರ ಡಾಕ್ಟರ್ ಬರೆದುಕೊಟ್ಟಿದ್ದರೆ ಮಾತ್ರ, ಅದೂ ಕೂತುಕೊಂಡೇ, ಯಾಕಂದರೆ ಬಿಪಿ ದಿಢೀರನೆ ಇಳಿದು ಬೀಳಬಹುದು. ಲೈಂಗಿಕ ಶಕ್ತಿಗೆ ಅಂತ ಗುಳಿಗೆ ತಗೊಂಡಿದ್ದರೆ ಇದನ್ನು ಕೊಟ್ಟರೆ ಪ್ರಾಣಕ್ಕೇ ಅಪಾಯ. ಈ ಪ್ರಶ್ನೆಯನ್ನು ಮಗಳು ಕೇಳುವುದು ಮುಜುಗರ, ಡಾಕ್ಟರಿಗೇ ಬಿಡಿ. ಅಪ್ಪನೇ ಸ್ಕೂಟರ್ ಓಡಿಸಿಕೊಂಡು ಆಸ್ಪತ್ರೆಗೆ ಹೋಗುವುದು ಯಾವ ಕಾರಣಕ್ಕೂ ಬೇಡ.

ಪ್ರಜ್ಞೆ ತಪ್ಪಿ ಉಸಿರಾಟ ನಿಂತರೆ, ಅಥವಾ ಬಿಟ್ಟು ಬಿಟ್ಟು ಗೊರಕೆಯಂತೆ ಎಳೆಯುತ್ತಿದ್ದರೆ, ನೆಲದ ಮೇಲೆ ಅಂಗಾತ ಮಲಗಿಸಿ ಎದೆಯ ನಡುವೆ ಎರಡೂ ಕೈ ಜೋಡಿಸಿ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಆಳ. ಪಕ್ಕೆಲುಬು ಮುರಿದೀತು ಅಂತ ಜನ ಮೆಲ್ಲಗೆ ಸವರುತ್ತಾರೆ. ಮುರಿದರೆ ಮುರಿಯಲಿ, ಕೂಡುತ್ತದೆ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ನೀವು, ಅಂಗಡಿಯ ಹುಡುಗ, ಪಕ್ಕದ ಮನೆಯವರು ಯಾರಾದರೊಬ್ಬರು ಇದನ್ನು ಕಲಿತಿರಲಿ.

ಶಾಸ್ತ್ರೀಜಿಯವರ ಡಾಕ್ಟರ್ ಕೂಡ ಇಂಜೆಕ್ಷನ್ ಕೊಟ್ಟು, ಎದೆ ಒತ್ತಿ, ಉಸಿರು ಊದಿ ಪ್ರಯತ್ನ ಮಾಡಿದ್ದರು. ಎದೆ ಒತ್ತುವ ಈ ವಿಧಾನ ವೈದ್ಯರ ಲೋಕಕ್ಕೆ ಪರಿಚಯವಾದದ್ದೇ 1960ರಲ್ಲಿ, ಅಂದರೆ ಅದು ಆಗ ಹೊಸದು. ಹೃದಯದ ರಕ್ತನಾಳಕ್ಕೆ ಬಲೂನ್ ಹಾಕಿ ತೆರೆಯುವ ಚಿಕಿತ್ಸೆ ಮೊದಲ ಸಲ ನಡೆದದ್ದು 1977ರಲ್ಲಿ, ಜ್ಯೂರಿಕ್‌ನಲ್ಲಿ. ಆ ಕಾಲದಲ್ಲಿ ಪ್ರಧಾನಿಗೂ ಸಿಗದ ಚಿಕಿತ್ಸೆ ಇವತ್ತು ನಿಮ್ಮ ಅಪ್ಪನಿಗೆ ಸಿಗುತ್ತದೆ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ತಾಲೂಕು ಮಟ್ಟದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಅದನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಅವರು ಹೇಳಿದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದು ಇದೆ ಅಂತ ಹಗಲಲ್ಲೇ ಹೋಗಿ ವಿಚಾರಿಸಿಕೊಂಡು ಬನ್ನಿ. ನಡುರಾತ್ರಿ ಹುಡುಕಲು ಆಗುವುದಿಲ್ಲ.

ಅಂಗಡಿ ಬಿಡಿಸಬೇಕಾ ಅಂತ ಕೇಳಿದ್ದೀರಿ. ಬೇಡ. ಅರವತ್ತು ದಾಟಿದ ವ್ಯಾಪಾರಸ್ಥನನ್ನು ಗಲ್ಲಾಪೆಟ್ಟಿಗೆಯಿಂದ ಎಬ್ಬಿಸಿ ಟಿವಿ ಮುಂದೆ ಕೂರಿಸಿದರೆ ಅವನು ಕುಗ್ಗುತ್ತಾನೆ, ತಿನ್ನುತ್ತಾನೆ, ಗುಳಿಗೆಯನ್ನೂ ಬಿಡುತ್ತಾನೆ, ನಾನು ಇದನ್ನು ಬೇಕಾದಷ್ಟು ನೋಡಿದ್ದೇನೆ. ಹಾಗೆಯೇ ಬಿಟ್ಟರೆ ಮುಂಗಾರಿನ ಬಿತ್ತನೆ ಹೊತ್ತಲ್ಲಿ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ನಿಂತು, ತಾವೇ ಗೊಬ್ಬರದ ಚೀಲ ಎತ್ತುತ್ತಾರೆ. ಅದೂ ಆಗದು. ಎಕೋ ಆದ ಮೇಲೆ ಡಾಕ್ಟರ್ ಒಪ್ಪಿದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ಎಷ್ಟು ಶ್ರಮ ತಡೆಯುತ್ತಾರೆ ಅಂತ ನೋಡಿಸಿ. ಚೀಲ ಎತ್ತುವುದು ಹುಡುಗನ ಕೆಲಸ. ಹುಬ್ಬಳ್ಳಿಗೆ ಮಾಲಿಗೆ ಹೋಗುವಾಗ ರಾತ್ರಿ ಪ್ರಯಾಣ ಬೇಡ, ಒಬ್ಬರೇ ಬೇಡ. ಮಧ್ಯಾಹ್ನ ಒಂದು ಗಂಟೆ ಮಲಗಲಿ. ಚಳಿಗಾಲದಲ್ಲಿ ನಸುಕಿನ ವಾಕಿಂಗ್ ಬೇಡ, ಬಿಸಿಲು ಬಂದ ಮೇಲೆ ಹೋಗಲಿ. ಇದರಲ್ಲೂ ಅಪಾಯ ಸೊನ್ನೆ ಅಲ್ಲ, ಆದರೆ ಮನುಷ್ಯ ಮನುಷ್ಯನಾಗಿ ಇರುತ್ತಾನೆ.

ಒಂದು ಅಹಿತದ ಮಾತು ಸೇರಿಸುತ್ತೇನೆ, ಬೇಜಾರಾಗಬೇಡಿ. ಶಾಸ್ತ್ರೀಜಿ ತೀರಿಕೊಂಡು ಅರವತ್ತು ವರ್ಷವಾದರೂ ಅನುಮಾನ ಸತ್ತಿಲ್ಲ, ಅವರ ಮನೆಯವರು ಇವತ್ತಿಗೂ ಕೇಳುತ್ತಿದ್ದಾರೆ. ಮರಣೋತ್ತರ ಪರೀಕ್ಷೆ ಮಾಡಿದ್ದರೆ ಬಹುಶಃ ಇಷ್ಟು ಎಳೆಯುತ್ತಿರಲಿಲ್ಲ. ಸಾಮಾನ್ಯ ಮನೆಗಳಲ್ಲೂ ಇದೇ ಆಗುತ್ತದೆ. ದಿಢೀರ್ ಸಾವಾದಾಗ "ದೇಹ ಕೊಯ್ಯುವುದು ಬೇಡ" ಅಂತ ಹಿರಿಯರು ಹಠ ಮಾಡುತ್ತಾರೆ, ವರ್ಷದ ತಿಥಿ ಹೊತ್ತಿಗೆ ಸೊಸೆ ಮೇಲೆ ಗುಸುಗುಸು, ಪಾಲುದಾರನ ಮೇಲೆ ಗುಮಾನಿ. ಹಳೆಯ ಹೃದ್ರೋಗಿ, ಫೈಲ್ ಸರಿಯಾಗಿದೆ, ನೋಡುತ್ತಿದ್ದ ಡಾಕ್ಟರ್ ಕಾರಣ ಬರೆದು ಕೊಡುತ್ತಾರೆ ಅಂದರೆ ಪರೀಕ್ಷೆಯ ಅಗತ್ಯ ಬೀಳುವುದಿಲ್ಲ. ಕಾರಣವೇ ತಿಳಿಯದಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ಯಾರಿಗಾದರೂ ಸಣ್ಣ ಅನುಮಾನ ಇದ್ದರೂ ಪೊಲೀಸರಿಗೆ ತಿಳಿಸಿ ಮಾಡಿಸಿಬಿಡುವುದು ಒಳ್ಳೆಯದು. ಅಪಘಾತ ವಿಮೆ ಇದ್ದರೆ ಆ ವರದಿಯನ್ನು ಕೇಳಿಯೇ ಕೇಳುತ್ತಾರೆ. ಆಗಿಹೋದ ಮೇಲೆ, ಸುಟ್ಟ ಮೇಲೆ, ಏನೂ ಮಾಡಲಾಗದು. ಅಪ್ಪನ ಫೈಲನ್ನು ಒಂದೇ ಕವರಿನಲ್ಲಿ ಜೋಡಿಸಿಡುವುದಕ್ಕೆ ಇದೂ ಒಂದು ಕಾರಣ.

ಇನ್ನು ದುಡ್ಡು. ನಾನು ಡಾಕ್ಟರ್, ಲೆಕ್ಕಪತ್ರ ನನ್ನ ವಿದ್ಯೆ ಅಲ್ಲ. ಆದರೆ ಐಸಿಯು ಹೊರಗಿನ ಬೆಂಚಿನ ಮೇಲೆ ಗಂಡನ ಫೋನಿನ ಪಿನ್ ಗೊತ್ತಿಲ್ಲದೆ ಕೂತ ಹೆಣ್ಣುಮಕ್ಕಳನ್ನು ನೋಡಿ ನೋಡಿ ಒಂದಿಷ್ಟು ತಿಳಿದಿದೆ. ಶಾಸ್ತ್ರೀಜಿ ಪ್ರಧಾನಿಯಾಗಿದ್ದಾಗ ಮನೆಯವರ ಒತ್ತಾಯಕ್ಕೆ ಒಂದು ಫಿಯೆಟ್ ಕಾರು ಕೊಂಡರು. ಬೆಲೆ 12,000. ಕೈಯಲ್ಲಿ ಇದ್ದದ್ದು 7,000. ಉಳಿದ 5,000ಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ. ಸಾಲ ತೀರುವ ಮುಂಚೆ ಅವರು ಹೋದರು. ಲಲಿತಾ ಶಾಸ್ತ್ರಿಯವರು ತಮಗೆ ಬರುತ್ತಿದ್ದ ಪಿಂಚಣಿಯಲ್ಲಿ ಅದನ್ನು ತೀರಿಸಿದರು. ಈ ಕಥೆಯನ್ನು ಎಲ್ಲರೂ ಪ್ರಾಮಾಣಿಕತೆಗೆ ಉದಾಹರಣೆಯಾಗಿ ಹೇಳುತ್ತಾರೆ, ಅದು ಸರಿಯೇ. ನನಗೆ ಅದರಲ್ಲಿ ಕಾಣುವುದು ಇನ್ನೊಂದು: ಸಾಲ ಎಷ್ಟು, ಎಲ್ಲಿ, ಯಾವ ಬ್ಯಾಂಕು ಅಂತ ಮನೆಯೊಳಗೆ ಗೊತ್ತಿತ್ತು. ಮೊತ್ತ ಸಣ್ಣದು, ಲೆಕ್ಕ ಸ್ಪಷ್ಟ. ಹಾಗಾಗಿ ತೀರಿಸಲು ಆಯಿತು.

ನಿಮ್ಮಲ್ಲಿ ತಪ್ಪು ತಿಳಿವಳಿಕೆ ಎರಡು ಇರಬಹುದು. ಸಾಲ ಮಾಡಿದವರು ಹೋದರೆ ಸಾಲವೂ ಹೋಯಿತು ಅನ್ನುವುದು ಸುಳ್ಳು. ಅವರು ಬಿಟ್ಟುಹೋದ ಆಸ್ತಿಯಿಂದ ಬ್ಯಾಂಕು ವಸೂಲಿ ಮಾಡಬಹುದು, ಜಾಮೀನು ಹಾಕಿದವರನ್ನೂ ಹಿಡಿಯಬಹುದು. ಅವ್ವ ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದಾರಾ ಅಂತ ಮೊದಲು ನೋಡಿ. ಎರಡನೆಯದು, ನಾಮಿನಿ ಆದವರೇ ಹಣದ ಒಡೆಯರು ಅನ್ನುವುದು. ಬ್ಯಾಂಕಿನ ಠೇವಣಿ ವಿಷಯದಲ್ಲಿ ನಾಮಿನಿ ಹಣ ಈಸಿಕೊಳ್ಳುವವರು ಮಾತ್ರ, ಹಕ್ಕು ವಾರಸುದಾರರದ್ದು. ಇದು ಗೊತ್ತಿಲ್ಲದೆ ಅಣ್ಣ-ತಂಗಿ ಕೋರ್ಟು ಹತ್ತಿದ್ದಾರೆ. ಅದಕ್ಕೇ ವಿಲ್ ಬೇಕು. ವಿಲ್ ನೋಂದಣಿ ಆಗಲೇಬೇಕು ಅಂತ ಇಲ್ಲ, ಎರಡು ಸಾಕ್ಷಿ ಸಹಿ ಸಾಕು, ಆದರೆ ನೋಂದಣಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಅಪ್ಪ-ಅವ್ವನ ಹೆಸರಲ್ಲಿ ಜಂಟಿ ಖಾತೆ, ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದು ಅನ್ನುವ ರೀತಿಯದು, ಒಂದು ಇರಲಿ. ಆಸ್ಪತ್ರೆಯ ಮೊದಲ ದಿನದ ಖರ್ಚು ಅದರಿಂದಲೇ ನಡೆಯುತ್ತೆ. ಅಂಗಡಿಯ ಲೈಸೆನ್ಸ್ ಯಾರ ಹೆಸರಲ್ಲಿದೆ ಅಂತಲೂ ನೋಡಿಕೊಳ್ಳಿ.

ಈ ಮಾತು ತೆಗೆಯುವುದು ಹೇಗೆ ಅನ್ನುವುದೇ ಕಷ್ಟದ್ದು. "ಅಪ್ಪಾ, ನಿಮಗೇನಾದರೂ ಆದರೆ" ಅಂತ ಶುರು ಮಾಡಿದರೆ ಮುಗಿಯಿತು, ಆ ಬಾಗಿಲು ಹಾಕಿತು. ಸಿಟ್ಟಿನ ಕೆಳಗೆ ಇರುವುದು ಹೆದರಿಕೆ. ಒಮ್ಮೆ ಸಾವು ನೋಡಿ ಬಂದ ಮನುಷ್ಯ ಅವರು, ನಿಮಗಿಂತ ಜಾಸ್ತಿ ಅವರಿಗೇ ಅದು ನೆನಪಾಗುತ್ತಿರುತ್ತದೆ, ಅದಕ್ಕೇ ಗ್ಯಾಸ್ ಅನ್ನುತ್ತಾರೆ, ಅದಕ್ಕೇ ಶಾಸ್ತ್ರೀಜಿಗೆ ವಿಷ ಹಾಕಿದ್ದಾರೆ ಅಂತ ನಂಬಲು ಇಷ್ಟ. ಹೃದಯದಿಂದ ಸತ್ತರು ಅಂತ ಒಪ್ಪಿದರೆ ತಮ್ಮ ಸರದಿಯನ್ನೂ ಒಪ್ಪಬೇಕಾಗುತ್ತದಲ್ವಾ. ವಿಡಿಯೋ ಸುಳ್ಳು ಅಂತ ವಾದಕ್ಕೆ ಇಳಿಯಬೇಡಿ, ಗೆಲ್ಲುವುದಿಲ್ಲ, ಗೆದ್ದರೂ ಲಾಭ ಇಲ್ಲ. "ಆಯ್ತು, ವಿಷಾನೇ ಇರಲಿ. ಆದರೆ ಆ ರಾತ್ರಿ ಅವರ ಕೈಗೆ ಒಂದು ಕರೆಗಂಟೆ ಸಿಕ್ಕಿದ್ದರೆ?" ಅಂತ ಕೇಳಿ ಸುಮ್ಮನಾಗಿ.

ಅಣ್ಣ ಹಬ್ಬಕ್ಕೆ ಬಂದಾಗ ಅವನೂ ಜೊತೆಗಿರಲಿ, ಇಲ್ಲದಿದ್ದರೆ ಮಗಳು ಆಸ್ತಿ ಕೇಳುತ್ತಿದ್ದಾಳೆ ಅಂತ ಬೇರೆಯೇ ಅರ್ಥ ಆಗುತ್ತದೆ. ವಿಲ್ ಮಾತು ಮೊದಲ ದಿನ ಬೇಡ. ಉದ್ರಿ ಪುಸ್ತಕದಿಂದ ಶುರು ಮಾಡಿ. ಗೊಬ್ಬರದ ಅಂಗಡಿಯಲ್ಲಿ ರೈತರಿಗೆ ಕೊಟ್ಟ ಉದ್ರಿ ಅರ್ಧ ಪುಸ್ತಕದಲ್ಲಿ ಇರುತ್ತದೆ, ಅರ್ಧ ಮಾಲೀಕರ ತಲೆಯಲ್ಲಿ. ಯಾರು ಸುಗ್ಗಿಗೆ ಕೊಡುತ್ತಾರೆ, ಯಾರಿಗೆ ಎರಡು ಸಲ ಹೇಳಬೇಕು, ಯಾರದ್ದು ಮರೆತುಬಿಡಬೇಕು ಅನ್ನುವುದು ಅಪ್ಪನಿಗೆ ಮಾತ್ರ ಗೊತ್ತು. "ಅಪ್ಪಾ, ನನಗೆ ಅಂಗಡಿ ಲೆಕ್ಕ ಕಲಿಸ್ರಿ" ಅನ್ನಿ. ಕಲಿಸಲು ಬೇಡ ಅನ್ನುವ ವ್ಯಾಪಾರಸ್ಥನನ್ನು ನಾನಂತೂ ನೋಡಿಲ್ಲ. ಪಕ್ಕದಲ್ಲಿ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ, ಉದ್ರಿ ಆದ ಮೇಲೆ ಕಂಪನಿಗಳಿಗೆ ಕೊಡಬೇಕಾದದ್ದು, ಅದಾದ ಮೇಲೆ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ), ಎಲ್‌ಐಸಿ, ಚೀಟಿ ಇದ್ದರೆ ಚೀಟಿ. ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ.

ಎಕೋ ಮಾಡಿಸಲು ಒಪ್ಪದಿದ್ದರೆ ಅವ್ವನ ಮೊಣಕಾಲು ತೋರಿಸುವ ನೆಪದಲ್ಲಿ ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ. ಹಳೆಯ ಡಿಸ್ಚಾರ್ಜ್ ಕಾಗದ, ಈಗ ತಗೊಳ್ಳುತ್ತಿರುವ ಗುಳಿಗೆಗಳ ಖಾಲಿ ಸ್ಟ್ರಿಪ್‌ಗಳು, ಶುಗರ್ ರಿಪೋರ್ಟ್ ಜೊತೆಗಿರಲಿ. ಎದೆ ಹಿಡಿದುಕೊಂಡು ಸೋಡಾ ಕುಡಿಯುವುದು ವಾರಕ್ಕೆ ಎಷ್ಟು ಸಲ, ನಡೆದಾಗಲೋ ಕೂತಾಗಲೋ ಅನ್ನುವುದನ್ನು ಡಾಕ್ಟರಿಗೆ ನೀವೇ ಹೇಳಿ, ಅಪ್ಪ ಹೇಳುವುದಿಲ್ಲ. ಇತ್ತೀಚೆಗೆ ಅದು ಜಾಸ್ತಿ ಆಗಿದ್ದರೆ, ಅಥವಾ ಕೂತಾಗಲೂ ಬರುತ್ತಿದ್ದರೆ, ವಾರದವರೆಗೆ ಕಾಯುವುದು ಬೇಡ, ನಾಳೆಯೇ ಹೊರಡಿ.